ತಲೆಯ ಮೇಲೆ ಸಮುದ್ರವಿರುವ ನೌಕೆ ಸಾಧ್ಯವೇ?

ನೀವು ಕೇಳಿರುವುದು ಮೂರು ಸಂಗತಿಗಳು. ಆರ್ಥರ್ ಸಿ. ಕ್ಲಾರ್ಕ್ ಅವರ 1973ರ ಕಾದಂಬರಿಯಲ್ಲಿ ಬರುವ ‘ರಾಮ’ ಎಂಬ ಅನ್ಯಗ್ರಹ ನೌಕೆಯೊಳಗೆ ಸಮುದ್ರವು ತಲೆಯ ಮೇಲಿದ್ದರೂ ಸುರಿಯದಿರುವುದು ಹೇಗೆ; ಅದನ್ನು ಕಟ್ಟಿದವರು ಒಮ್ಮೆಯೂ ಎದುರಿಗೆ ಬಾರದಿರುವಾಗ ಅವರ ಬಗ್ಗೆ ನಮಗೆ ತಿಳಿಯುವುದಾದರೂ ಏನು; 2017ರಲ್ಲಿ ಸೌರವ್ಯೂಹವನ್ನು ಹಾದುಹೋದ ಔಮುವಾಮುವಾ ಎಂಬ ಕಾಯ ಅಂಥದ್ದೇ ಒಂದು ನೌಕೆಯಾಗಿರಬಹುದೇ. ಹಾಸನದ ಕಾಲೇಜೊಂದರಲ್ಲಿ ಬಹುಕಾಲ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಈ ಮೂರಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ ಎನಿಸುತ್ತದೆ: ನೌಕೆಯ ಅಳತೆಗಳಲ್ಲಿ.

ಮೊದಲು ಹೆಸರಿನ ಮಾತು ಮುಗಿಸಿಬಿಡುತ್ತೇನೆ. ರಾಮಾಯಣಕ್ಕೂ ಈ ನೌಕೆಗೂ ಸಂಬಂಧವಿಲ್ಲ. ಗ್ರೀಕ್ ಮತ್ತು ರೋಮನ್ ಪುರಾಣಗಳ ಹೆಸರುಗಳೆಲ್ಲ ಖರ್ಚಾಗಿ, ಖಗೋಳಜ್ಞರು ಹಿಂದೂ ದೇವತೆಗಳ ಹೆಸರುಗಳಿಗೆ ಕೈಹಾಕಿದ್ದಾಗ ಕಂಡ ಕಾಯವಾದ್ದರಿಂದ ಅದಕ್ಕೆ ಆ ಹೆಸರು ಬಂತೆಂದು ಕಥೆಯಲ್ಲೇ ಹೇಳಿದೆ.

ರಾಮ ಒಂದು ಟೊಳ್ಳು ಸಿಲಿಂಡರ್. ಅದರ ಉದ್ದ ಸುಮಾರು 50 ಕಿ.ಮೀ.; ಅಂದರೆ ಒಂದು ತುದಿಯನ್ನು ಹಾಸನದಲ್ಲಿಟ್ಟರೆ ಇನ್ನೊಂದು ತುದಿ ಬೇಲೂರನ್ನು ದಾಟಿ ಚಿಕ್ಕಮಗಳೂರಿನ ದಾರಿಯಲ್ಲಿರುತ್ತದೆ. ಹೊರ ವ್ಯಾಸ 20 ಕಿ.ಮೀ., ಒಳ ವ್ಯಾಸ 16 ಕಿ.ಮೀ. ಸಮುದ್ರಮಟ್ಟದಿಂದ 1,930 ಮೀಟರ್ ಎತ್ತರವಿರುವ ಮುಳ್ಳಯ್ಯನಗಿರಿಯಂಥ ಎಂಟು ಎತ್ತರಗಳನ್ನು ಒಂದರ ಮೇಲೊಂದು ಪೇರಿಸಿದರೂ ಎದುರು ಗೋಡೆ ಮುಟ್ಟಲು ಅರ್ಧ ಕಿಲೋಮೀಟರ್ ಉಳಿಯುತ್ತದೆ. ಈ ಸಿಲಿಂಡರ್ ತನ್ನ ಅಕ್ಷದ ಸುತ್ತ ನಾಲ್ಕು ನಿಮಿಷಕ್ಕೊಮ್ಮೆ ತಿರುಗುತ್ತದೆ. ನಾಲ್ಕು ನಿಮಿಷವೆಂದರೆ ಆಮೆಯ ನಡೆಯೆಂದು ತೋರಬಹುದು. ಆದರೆ 8 ಕಿ.ಮೀ. ತ್ರಿಜ್ಯದ ಒಳಗೋಡೆ ಆ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು 209 ಮೀಟರ್, ಅಂದರೆ ತಾಸಿಗೆ 750 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ.

ಜಾತ್ರೆಯಲ್ಲಿ ಹಲಗೆಯ ಬಾವಿಯ ಗೋಡೆಯ ಮೇಲೆ ಮೋಟಾರ್ ಸೈಕಲ್ ಓಡಿಸುವವನನ್ನು ನೀವು ನೋಡಿರಬಹುದು. ಅವನು ನೇರವಾಗಿ ಹೋಗಲು ಹವಣಿಸುತ್ತಾನೆ, ಗೋಡೆ ಅವನನ್ನು ಒಳಕ್ಕೆ ತಳ್ಳಿ ತಿರುಗಿಸುತ್ತಲೇ ಇರುತ್ತದೆ, ಆ ತಳ್ಳುವಿಕೆಯೇ ಅವನ ಮೈಗೆ ಭಾರವಾಗಿ ತಿಳಿಯುತ್ತದೆ. ಅವನನ್ನು ಕೆಳಕ್ಕೆಳೆಯಲು ಭೂಮಿಯೂ ಇದೆ. ರಾಮದಲ್ಲಿ ಆ ಕಾಟವಿಲ್ಲ, ಆದ್ದರಿಂದ ಗೋಡೆಯೇ ನೆಲ, ಅಕ್ಷದ ಕಡೆಯೇ ಮೇಲು. ಲೆಕ್ಕ ಹಾಕಿದರೆ ಆ ನೆಲದ ಮೇಲೆ ಸಿಗುವ ಭಾರ ಭೂಮಿಯ ಮೇಲಿನದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಸುಮಾರು 0.56 ಪಾಲು. ಗೊರೂರಿನ ಹಿನ್ನೀರಿನ ದಡದಲ್ಲಿ ನಿಂತವನಿಗೆ ನೀರು ಚಪ್ಪಟೆಯಾಗಿ ಹರಡಿ ದೂರದಲ್ಲಿ ಮುಗಿಯುತ್ತದೆ. ರಾಮದ ಸಮುದ್ರವಾದರೋ ಸಿಲಿಂಡರಿನ ನಡುವೆ ಒಳಗೋಡೆಯನ್ನು ಉಂಗುರದಂತೆ ಸುತ್ತಿದ ಪಟ್ಟಿ; ಅದರ ದಡದಲ್ಲಿ ನಿಂತವನಿಗೆ ನೀರು ಎಡಬಲಗಳಲ್ಲಿ ಏರುತ್ತ ಹೋಗಿ ನೆತ್ತಿಯ ಮೇಲೆ ಕಮಾನಾಗಿ ಕೂಡಿಕೊಳ್ಳುತ್ತದೆ. ಅಲ್ಲಿ ದೋಣಿಯಲ್ಲಿರುವವನಿಗೆ ತಲೆಯ ಮೇಲೆ ಇರುವವರು ನಾವು, ಬೀಳಬೇಕಾದವರೂ ನಾವೇ.

ಅಕ್ಷದ ಬಳಿ ಮಾತ್ರ ಭಾರವೇ ಇಲ್ಲ. ಅಲ್ಲಿಂದ ಮೆಟ್ಟಿಲಿಳಿಯುವವನ ಮೈ ಹೆಜ್ಜೆಹೆಜ್ಜೆಗೂ ಭಾರವಾಗುತ್ತದೆ. ಜೊತೆಗೆ, ಕೆಳಗಿಳಿದಂತೆಲ್ಲ ನೆಲದ ಓಟ ಹೆಚ್ಚುವುದರಿಂದ ಅವನನ್ನು ಪಕ್ಕಕ್ಕೂ ಯಾವುದಾದರೊಂದು ತಳ್ಳುತ್ತಿರಬೇಕು. ಕಾದಂಬರಿಯಲ್ಲಿ ಸೂರ್ಯನ ಸಮೀಪ ಬಂದು ಬಿಸಿಯಾದ ನೌಕೆಯೊಳಗೆ ಬಿರುಗಾಳಿ ಏಳುವುದಕ್ಕೂ ಇದೇ ಕಾರಣ: ನೆಲದ ವೇಗವನ್ನು ಹೊತ್ತ ಗಾಳಿ ಅಕ್ಷದ ಕಡೆಗೆ ಏರಿದರೆ ಅಲ್ಲಿನ ನಿಧಾನದ ಗಾಳಿಯೊಡನೆ ಹೊಂದಿಕೊಳ್ಳುವುದಿಲ್ಲ.

ಇದನ್ನು ಯಾವುದರಿಂದ ಕಟ್ಟಬೇಕು ಎಂಬ ಪ್ರಶ್ನೆ ಬಹಳ ಓದುಗರಿಗೆ ಹೊಳೆಯುವುದಿಲ್ಲ. ತಿರುಗುವ ಉಂಗುರ ತನ್ನನ್ನು ತಾನೇ ಹರಿದುಕೊಳ್ಳಲು ನೋಡುತ್ತದೆ. ಆ ಎಳೆತ ಎಷ್ಟೆಂದರೆ ಸಾಂದ್ರತೆಯನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಉಕ್ಕಿಗೆ ಇದು ಒಳಗೋಡೆಯಲ್ಲಿ ಸುಮಾರು 340 ಮೆಗಾಪ್ಯಾಸ್ಕಲ್ ಆಗುತ್ತದೆ, ನಮ್ಮ ಕಟ್ಟಡಗಳ ಮಾಮೂಲಿ ಉಕ್ಕು 250ರ ಆಸುಪಾಸಿನಲ್ಲೇ ಮತ್ತೆ ಮೊದಲಿನಂತಾಗದ ಹಾಗೆ ಹಿಗ್ಗತೊಡಗುತ್ತದೆ. ಸಮುದ್ರದ ಮತ್ತು ನೆಲದ ತೂಕವನ್ನು ಸೇರಿಸುವ ಮೊದಲೇ ಈ ಗತಿ. ಆದ್ದರಿಂದ ರಾಮ ಅಸಾಧ್ಯವಲ್ಲ, ಆದರೆ ಕಟ್ಟಿದವರ ಲೋಹವಿದ್ಯೆ ನಮ್ಮ ಗಾರೆಕೆಲಸದ ಮಟ್ಟದ್ದಲ್ಲ ಎಂದು ಧೈರ್ಯವಾಗಿ ಹೇಳಬಹುದು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ತೊಡಗುತ್ತದೆ. ನನಗೆ ಅತ್ಯಂತ ಪ್ರಿಯವಾದ ವಿವರ ಆ ಸಮುದ್ರದ ದಡಗಳು. ಹತ್ತು ಕಿಲೋಮೀಟರ್ ಅಗಲದ ನೀರಿನ ಉತ್ತರ ದಡದ ಗೋಡೆ 50 ಮೀಟರ್, ದಕ್ಷಿಣದ್ದು 500 ಮೀಟರ್. ಏಕೆ? ಬಿಂದಿಗೆ ಇಟ್ಟುಕೊಂಡು ಬಸ್ಸಿನಲ್ಲಿ ಕುಳಿತವರಿಗೆ ಗೊತ್ತು, ಬಸ್ಸು ಹೊರಟಾಗ ನೀರು ಹಿಂದಕ್ಕೆ ವಾಲುತ್ತದೆ. ನೌಕೆ ಉತ್ತರದ ಕಡೆಗೆ, ಅಂದರೆ ತನ್ನ ಮುಂದಿನ ತುದಿಯ ಕಡೆಗೆ, ವೇಗ ಹೆಚ್ಚಿಸಿಕೊಂಡಾಗ ಸಮುದ್ರ ದಕ್ಷಿಣದ ಗೋಡೆಯನ್ನು ಏರುತ್ತದೆ, ಅದು ಉಕ್ಕಿ ಬಯಲಿಗೆ ನುಗ್ಗದಂತೆ ಆ ಗೋಡೆ. ನಡುನೀರಿನಿಂದ ಐದು ಕಿ.ಮೀ. ದೂರದಲ್ಲಿ 500 ಮೀಟರ್ ಏರಿಕೆಯೆಂದರೆ ಹತ್ತಕ್ಕೊಂದರ ಇಳಿಜಾರು. ಆ ಸ್ಥೂಲ ಲೆಕ್ಕದಲ್ಲಿ ನೌಕೆಯ ನೂಕು ಭೂಗುರುತ್ವದ ಇಪ್ಪತ್ತರಲ್ಲೊಂದು ಭಾಗದಷ್ಟು, ಸಾವಧಾನವಾಗಿ ಹೊರಡುವ ಬಸ್ಸಿನಷ್ಟು. ಇವರು ಅವಸರದ ಜನರಲ್ಲ, ಮತ್ತು ಹೊರಡುವ ಮೊದಲೇ ನೀರಿನ ನಡತೆಯನ್ನು ಯೋಚಿಸಿದ್ದವರು. ಮೆಟ್ಟಿಲುಗಳ ಸಾಲು ಮೂರು, ಒಳಬರುವ ದಾರಿಯ ಬಾಗಿಲುಗಳು ಮೂರು ಮೂರು. ಘಾಟಿ ಇಳಿಯುವ ಲಾರಿಗೆ ಒಂದು ಸ್ಟೆಪ್ನಿ ಸಾಕು, ಸಕಲೇಶಪುರದಲ್ಲಿ ಪಂಕ್ಚರ್ ಅಂಗಡಿಯಿದೆ. ನಕ್ಷತ್ರಗಳ ನಡುವೆ ಅದಿಲ್ಲ ಎಂಬ ಅರಿವು ಈ ಮೂರರ ಹಟದಲ್ಲಿದೆ ಎಂದು ನಾನು ಓದಿಕೊಳ್ಳುತ್ತೇನೆ. ಹಸಿರು ಚರ್ಮದ, ದೊಡ್ಡ ಕಣ್ಣಿನ ಪಾತ್ರವೊಂದು ಬಂದು ಭಾಷಣ ಮಾಡಿದ್ದರೆ ಇಷ್ಟು ತಿಳಿಯುತ್ತಿರಲಿಲ್ಲ.

ಲೇಖಕರು ಲೆಕ್ಕ ಬಿಟ್ಟಿರುವುದು ಎಂಜಿನ್ನಿನಲ್ಲಿ ಮಾತ್ರ, ಅದೂ ತಿಳಿದೇ. ನಮ್ಮ ಹಾಸನದಲ್ಲಿ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವಿದೆ. ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹಗಳು ತಮ್ಮ ಜಾಗ ಬಿಟ್ಟು ಸರಿಯದಂತೆ ಅಲ್ಲಿಂದ ನೋಡಿಕೊಳ್ಳುತ್ತಾರೆ. ಪ್ರತಿ ತಿದ್ದುಪಡಿಗೂ ಉಪಗ್ರಹ ಒಂದಿಷ್ಟು ಇಂಧನವನ್ನು ಹೊರಕ್ಕೆ ಎಸೆಯಲೇಬೇಕು, ಅದು ಮುಗಿದರೆ ಉಳಿದೆಲ್ಲ ಯಂತ್ರ ಸರಿಯಿದ್ದರೂ ಉಪಗ್ರಹದ ಆಯುಸ್ಸು ಮುಗಿದಂತೆ. ರಾಮ ಏನನ್ನೂ ಎಸೆಯದೆ ವೇಗ ಪಡೆಯುತ್ತದೆ, ನ್ಯೂಟನ್ನನ ಮೂರನೆಯ ನಿಯಮಕ್ಕೆ ಅಲ್ಲಿ ಎಡೆಯಿಲ್ಲ. ಇದನ್ನು ಕೆಲವರು ದೋಷವೆನ್ನುತ್ತಾರೆ. ಉಳಿದ ಪ್ರತಿಯೊಂದು ಮೊಳೆಯನ್ನೂ ನಮ್ಮ ನಿಯಮಕ್ಕೆ ಒಗ್ಗಿಸಿದ ಮೇಲೆ ಈ ಒಂದನ್ನು ಮೀರಿದ್ದರಿಂದಲೇ ಅದು ಬೇರೆಯವರ ನೌಕೆ ಎಂಬ ನಡುಕ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ.

ಇನ್ನು ಔಮುವಾಮುವಾ. 2017ರ ಅಕ್ಟೋಬರಿನಲ್ಲಿ ಹವಾಯಿಯ ದೂರದರ್ಶಕ ಅದನ್ನು ಗುರುತಿಸಿದಾಗ ರಾಮದ ನೆನಪು ಬಹಳ ಜನಕ್ಕೆ ಬಂದದ್ದು ಸಹಜ, ಏಕೆಂದರೆ ಬೇರೆ ನಕ್ಷತ್ರಲೋಕದಿಂದ ಬಂದು ಸೌರವ್ಯೂಹವನ್ನು ಹಾದುಹೋಗುವುದನ್ನು ನಾವು ಕಂಡ ಮೊದಲ ಕಾಯ ಅದು, ಅದರ ಆಕಾರವೂ ನೀಳವಾಗಿರಬಹುದೆಂದು ಬೆಳಕಿನ ಏರಿಳಿತ ಸೂಚಿಸಿತ್ತು. ಆದರೆ ಅದರ ಉದ್ದವನ್ನು ಅಳೆಯುವುದು ಕಿಲೋಮೀಟರುಗಳಲ್ಲಲ್ಲ, ನೂರರ ಲೆಕ್ಕದ ಮೀಟರುಗಳಲ್ಲಿ. ಒಂದು ಸುತ್ತು ಉರುಳಲು ಅದಕ್ಕೆ ಏಳೆಂಟು ತಾಸು ಬೇಕು. ಅಷ್ಟು ಸಣ್ಣ ವಸ್ತು ಅಷ್ಟು ನಿಧಾನವಾಗಿ ತಿರುಗಿದರೆ ಒಳಗೋಡೆಯ ಮೇಲೆ ಸಿಗುವ ಭಾರ ಭೂಮಿಯದರ ಹತ್ತು ಲಕ್ಷದಲ್ಲೊಂದು ಪಾಲಿನ ಆಸುಪಾಸು. ಸಮುದ್ರದ ಮಾತು ಬಿಡಿ, ಅಲ್ಲಿ ಲೋಟದ ನೀರು ಕೂಡ ಲೋಟದಲ್ಲಿ ನಿಲ್ಲುವುದಿಲ್ಲ.