ಗೌರಿಬಿದನೂರಿಂದ ಮ್ಯೂನಿಕ್ ಲ್ಯಾಬಿಗೆ ಬರೋ ಹುಡುಗಿಗೆ

ನೋಡಮ್ಮ, ನೀನು ಕೇಳಿದ್ದು ಎರಡು, ಮ್ಯೂನಿಕ್‌ನಲ್ಲಿ ಜೀವನ ಹೆಂಗಿರುತ್ತೆ, ಆಮೇಲೆ ಆರ್‌ಎಫ್ (ರೇಡಿಯೋ ಸಿಗ್ನಲ್) ಟೆಸ್ಟ್ ಕೆಲಸದಲ್ಲಿ ಕೇಬಲ್ ಲಾಸ್‌ಗೆ, ಅಂದ್ರೆ ಕೇಬಲ್ಲಲ್ಲಿ ಸಿಗ್ನಲ್ ಕಳೆದುಹೋಗೋದಕ್ಕೆ, ಅಷ್ಟೊಂದು ತಲೆ ಕೆಡಿಸ್ಕೋಬೇಕಾ ಅಂತ. ಮೊದಲನೇದು ಬೇಗ ಹೇಳ್ಬಿಡ್ತೀನಿ. ಮನೆ ಸಿಗೋದು ಕಷ್ಟ, ಬಾಡಿಗೆ ಜಾಸ್ತಿ, ಮನೆಗೆ ಹೋಗಿ 2 ವಾರದೊಳಗೆ ವಿಳಾಸ ನೋಂದಣಿ ಮಾಡಿಸ್ಲೇಬೇಕು, ಅದಕ್ಕೆ ಓನರ್ ಬರೆದುಕೊಡೋ ಕಾಗದ ಬೇಕು, ಕೊಡಲ್ಲ ಅಂದ್ರೆ ಆ ಮನೆ ಬೇಡ. ಭಾನುವಾರ ಅಂಗಡಿ ಮುಚ್ಚಿರುತ್ತೆ. ರಾಗಿ ಹಿಟ್ಟು ಇಂಡಿಯನ್ ಅಂಗಡೀಲಿ ಸಿಗುತ್ತೆ, ಅಮ್ಮಂಗೆ ಯೋಚನೆ ಮಾಡ್ಬೇಡಿ ಅನ್ನು.

ಇನ್ನು ಲ್ಯಾಬು. ಇಲ್ಲಿನವರು ಮುಖಕ್ಕೇ ಕೇಳ್ತಾರೆ, ಈ ರೀಡಿಂಗ್ ಯಾವ ಜಾಗದ್ದು, ಟೆಸ್ಟ್ ಮಾಡ್ತಿರೋ ಬೋರ್ಡಿಂದಾ, ಸಿಗ್ನಲ್ ಅಳೆಯೋ ಅನಲೈಸರ್‌ದಾ ಅಂತ. ಅದು ಬೈಗುಳ ಅಲ್ಲ, ಉತ್ತರ ಇಟ್ಕೊಂಡಿರು ಅಷ್ಟೇ. ಒಂದು ಲೆಕ್ಕ ನೋಡು, ಬೋರ್ಡಿಂದ 30 ಡಿಬಿ (ಸಿಗ್ನಲ್ ಎಷ್ಟು ಪಟ್ಟು ಏರ್ತು, ಇಳೀತು ಅನ್ನೋ ಅಳತೆ) ಅಟೆನ್ಯುಯೇಟರ್, ಅಂದ್ರೆ ಬೇಕಂತಲೇ ಸಿಗ್ನಲ್ ತಗ್ಗಿಸೋ ಭಾಗ, ಆಮೇಲೆ 1.8 ಡಿಬಿ ಲಾಸ್ ಇರೋ ಕೇಬಲ್, ಅನಲೈಸರ್ ತೋರಿಸ್ತಿರೋದು ಮೈನಸ್ 2.3 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿದ ಡಿಬಿ), ಅಂದ್ರೆ ಬೋರ್ಡ್ ಕೊಡ್ತಿರೋದು 29.5 ಡಿಬಿಎಂ, ಹತ್ರ ಹತ್ರ 0.9 ವ್ಯಾಟ್. ಆ 1.8 ಮರೆತ್ರೆ 0.6 ವ್ಯಾಟ್ ಅಂತ ಬರುತ್ತೆ, ಚೆನ್ನಾಗಿರೋ ಬೋರ್ಡನ್ನ ಫೇಲ್ ಮಾಡ್ಬಿಡ್ತೀಯ.

ರಿಸೀವರ್ ಟೆಸ್ಟಲ್ಲಿ ದಿಕ್ಕು ಉಲ್ಟಾ, ಸಿಗ್ನಲ್ ಬೋರ್ಡಿನ ಕಡೆಗೆ ಹೋಗುತ್ತೆ. ಸಿಗ್ನಲ್ ಹುಟ್ಟಿಸೋ ಜನರೇಟರ್ ಮೈನಸ್ 98 ಡಿಬಿಎಂ ಕೊಟ್ಟು ಕೇಬಲ್ 2 ಡಿಬಿ ತಿಂದ್ರೆ ಬೋರ್ಡಿಗೆ ಸೇರೋದು ಮೈನಸ್ 100. ಇಲ್ಲಿ ಕಳೆಯೋ ಬದಲು ಕೂಡಿದ್ರೆ ತಪ್ಪು 2 ಡಿಬಿ ಅಲ್ಲ, 4 ಡಿಬಿ! ಇನ್ನು ಬೋರ್ಡು, ಅನಲೈಸರ್ ಮಧ್ಯೆ ಸಿಗ್ನಲ್ ಹಿಗ್ಗಿಸೋ ಪ್ರೀಆಂಪ್ಲಿಫೈಯರ್ ಇಟ್ರೆ ಅದರ ಗೇನನ್ನ (ಎಷ್ಟು ಹಿಗ್ಗಿಸುತ್ತೆ ಅನ್ನೋದನ್ನ) ರೀಡಿಂಗಿಂದ ಕಳೀಬೇಕು, ಅದೂ ಸಿಗ್ನಲ್ ಜಾಸ್ತಿಯಾಗಿ ಆಂಪ್ಲಿಫೈಯರ್ ಕಂಪ್ರೆಸ್ ಆಗಿಲ್ಲ, ಅಂದ್ರೆ ಹಿಗ್ಗಿಸೋಕೆ ಸೋತಿಲ್ಲ ಅಂತ ನೋಡ್ಕೊಂಡಮೇಲೆ, ಕಂಪ್ರೆಸ್ ಆದ್ರೆ ಪಟ್ಟೀಲಿರೋ ಗೇನೇ ಸುಳ್ಳು.

ನಿಮ್ಮೂರಿನ ರೇಡಿಯೋ ದೂರದರ್ಶಕ ನೋಡಿರ್ತೀಯಲ್ಲ, ಟಿ ಆಕಾರದಲ್ಲಿ 1000 ಡೈಪೋಲ್ ಆಂಟೆನಾ, 34.5 ಮೆಗಾಹರ್ಟ್ಸ್. ಆ ಫ್ರೀಕ್ವೆನ್ಸೀಲಿ ಒಂದು ಕೇಬಲ್ ಎಷ್ಟು ಡಿಬಿ ಕಳೆಯುತ್ತೋ, ನೂರು ಪಟ್ಟು ಮೇಲೆ 3450 ಮೆಗಾಹರ್ಟ್ಸ್‌ನಲ್ಲಿ ಕಡಿಮೆ ಅಂದ್ರೂ ಅದರ 10 ಪಟ್ಟು ಡಿಬಿ ಕಳೆಯುತ್ತೆ. ಫ್ರೀಕ್ವೆನ್ಸಿ ಏರಿದಂಗೆ ಕರೆಂಟು ತಂತಿಯ ಮೇಲ್ಮೈಗೇ ಸರಿಯೋದ್ರಿಂದ ಲಾಸ್ ಫ್ರೀಕ್ವೆನ್ಸಿಯ ವರ್ಗಮೂಲದಂತೆ ಏರುತ್ತೆ, ಒಳಗಿನ ಇನ್ಸುಲೇಷನ್ ಲಾಸ್ ಬೇರೆ ಸೇರ್ಕೊಳ್ಳುತ್ತೆ. ಅದಕ್ಕೇ ಒಂದೇ ನಂಬರ್ ಎಲ್ಲದಕ್ಕೂ ಹಾಕಬಾರದು. ಹಾರ್ಮೋನಿಕ್ (ಮೂಲ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಲ್ಲಿ ಬರೋ ಸಿಗ್ನಲ್) ಅಳೀತಿದ್ರೆ, ಉದಾಹರಣೆಗೆ 7 ಗಿಗಾಹರ್ಟ್ಸ್‌ಗೆ ಅದರದ್ದೇ ಲಾಸ್ ಬೇಕು. ಕೇಬಲನ್ನ ವಿಎನ್‌ಎಗೆ (ಪ್ರತಿ ಫ್ರೀಕ್ವೆನ್ಸೀಲೂ ಲಾಸ್ ಅಳೆಯೋ ಯಂತ್ರಕ್ಕೆ) ಹಾಕಿ ಪೂರ್ತಿ ರೇಂಜ್ ಅಳೆದು ಪಟ್ಟಿ ಇಟ್ಕೋ, ಕನೆಕ್ಟರ್ ಟಾರ್ಕ್ ವ್ರೆಂಚಲ್ಲೇ (ಗೊತ್ತಾದ ಬಿಗಿಗೇ ನಿಲ್ಲೋ ಸ್ಪ್ಯಾನರಲ್ಲೇ) ಬಿಗಿಮಾಡು.

ಹಂಚ್ಕೊಂಡು ಕೆಲಸ ಮಾಡೋ ಲ್ಯಾಬಲ್ಲಿ ಜಾಸ್ತಿ ಕಾಡೋದು ಬೇರೆ, ಲಾಸ್ ಎರಡು ಸಲ ಸೇರೋದು. ನಿನಗಿಂತ ಮುಂಚೆ ಕೂತವರು ಅನಲೈಸರಲ್ಲೇ ಆಫ್‌ಸೆಟ್ (ಲಾಸನ್ನ ರೀಡಿಂಗಿಗೆ ತಾನೇ ಸೇರಿಸೋ ನಂಬರ್) ಹಾಕಿ ಹೋಗಿರ್ತಾರೆ, ನೀನು ಎಕ್ಸೆಲ್‌ನಲ್ಲಿ ಮತ್ತೆ ಕೂಡ್ತೀಯ, ರಿಸಲ್ಟ್ ನೋಡೋಕೆ ಚೆನ್ನಾಗೇ ಇರುತ್ತೆ, ಅದೇ ಅಪಾಯ. ಕೂತ ತಕ್ಷಣ ಪ್ರೀಸೆಟ್ ಮಾಡಿ, ಅಂದ್ರೆ ಸೆಟ್ಟಿಂಗೆಲ್ಲ ಮೊದಲಿನ ಸ್ಥಿತಿಗೆ ತಂದು, ಆಫ್‌ಸೆಟ್ ಸೊನ್ನೆ ಇದ್ಯಾ ನೋಡು.

ಇನ್ನೊಂದು, ನಮ್ಮ ಕಡೆಯವರಿಗೆ ಸೀನಿಯರ್ ಮುಂದೆ ಸುಮ್ನಿರೋ ಅಭ್ಯಾಸ. ಅವರ ಶೀಟಲ್ಲಿ ಪ್ಲಸ್ ಮೈನಸ್ ಅದಲುಬದಲಾಗಿದ್ರೆ ಚಿತ್ರ ಬರೆದು ತೋರಿಸಿ ಹೇಳು, ಇಲ್ಲಿ ಯಾರೂ ಬೇಜಾರು ಮಾಡ್ಕೊಂಡಿದ್ದು ನಾನು ಕಂಡಿಲ್ಲ. ಹೊರಡೋ ಮುಂಚೆ ನಿನ್ನ ಟೆಸ್ಟ್ ಸೆಟಪ್ ಯಾವ ಬ್ಯಾಂಡಿಂದು (ಯಾವ ಫ್ರೀಕ್ವೆನ್ಸಿ ವ್ಯಾಪ್ತಿಯದ್ದು) ಅಂತ ಕೇಳಿ ತಿಳ್ಕೊಂಡು ನಂಗೆ ಬರಿ, ಲೆಕ್ಕ ಒಟ್ಟಿಗೆ ಹಾಕಿ ನೋಡೋಣ.