ಸೋವಿಯತ್ ಚಾಂಪಿಯನ್ ಎರಿಕಾ ಸಲುಮ್ಯಾ ಎರಡು ದೇಶಕ್ಕೆ ಸೈಕ್ಲಿಂಗ್ ಚಿನ್ನ ಗೆದ್ದಿದ್ದು ಹೇಗೆ?

ಎರಡೂ ಸಲ ಗೆದ್ದಿದ್ದು ಟ್ರ್ಯಾಕ್ ಸ್ಪ್ರಿಂಟ್‌ನಲ್ಲೇ, ನಡುವೆ ಸೋವಿಯತ್ ಒಕ್ಕೂಟ ಒಡೆದುಹೋಯ್ತು ಅಷ್ಟೇ.

ಎರಿಕಾ ಹುಟ್ಟಿದ್ದು 1962ರಲ್ಲಿ, ಎಸ್ಟೋನಿಯಾದ ಪ್ಯಾರ್ನುನಲ್ಲಿ, ಆಗ ಅದು ಸೋವಿಯತ್ ಆಳ್ವಿಕೆಯಲ್ಲಿತ್ತು, ಬಾಲ್ಯ ಕಳೆದಿದ್ದು ಅನಾಥಾಶ್ರಮದಲ್ಲಿ. 1987ರಲ್ಲಿ ವಿಶ್ವ ಚಾಂಪಿಯನ್ ಆದ್ರು, 1989ರಲ್ಲಿ ಮತ್ತೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಮೊದಲ ಸಲ ಟ್ರ್ಯಾಕ್ ಸೈಕ್ಲಿಂಗ್ ಇಟ್ರು, ಆ ಮೊದಲ ಚಿನ್ನ ಇವರದ್ದೇ. ಫೈನಲ್‌ನಲ್ಲಿ ಸೋತವರು ಪೂರ್ವ ಜರ್ಮನಿಯ ಕ್ರಿಸ್ಟಾ, ಅದೇ ವರ್ಷ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಪೀಡ್ ಸ್ಕೇಟಿಂಗ್ ಚಿನ್ನ ಗೆದ್ದಿದ್ದವರು, ಅಂಥವರನ್ನ ಸೋಲಿಸೋದು ಸಣ್ಣ ಮಾತಲ್ಲ.

ಸ್ಪ್ರಿಂಟ್ ಅಂದ್ರೆ ಬರೀ ಕಾಲಿನ ಬಲ ಅಲ್ಲ ಕಣ್ರೀ. ಇಬ್ಬರೇ ಇರ್ತಾರೆ, ಬ್ರೇಕ್ ಇಲ್ಲದ ಸೈಕಲ್, ಶುರುವಲ್ಲಿ ಬೇಕಂತಲೇ ನಿಧಾನ ಹೋಗ್ತಾರೆ, ಯಾಕಂದ್ರೆ ಹಿಂದೆ ಇರೋರಿಗೆ ಗಾಳಿಯ ತಡೆ ಕಮ್ಮಿ, ಹಾಗಾಗಿ ಎದುರಾಳಿಯನ್ನ ಮುಂದೆ ಬಿಟ್ಟು ಕಾಯ್ತಾ ಇದ್ದು ಕೊನೆಗೆ ಒಮ್ಮೆಲೇ ನುಗ್ತಾರೆ.

1992ರಲ್ಲಿ ಬಾರ್ಸಿಲೋನಾದಲ್ಲಿ ಸ್ವತಂತ್ರ ಎಸ್ಟೋನಿಯಾ ಪರ ಮತ್ತೆ ಚಿನ್ನ. ಸ್ವಾತಂತ್ರ್ಯ ಮರಳಿ ಬಂದ ಮೇಲೆ ಆ ದೇಶಕ್ಕೆ ಅದೇ ಮೊದಲ ಒಲಿಂಪಿಕ್ ಚಿನ್ನ, ಆದ್ರೆ ಆಯೋಜಕರು ಅವರ ನೀಲಿ ಕಪ್ಪು ಬಿಳಿ ಬಾವುಟಾನ ತಲೆಕೆಳಗಾಗಿ ಹಾರಿಸಿಬಿಟ್ರು, ಅದನ್ನ ನೆನೆದ್ರೆ ನಂಗೆ ಈಗಲೂ ಬೇಜಾರಾಗತ್ತೆ.