ಒಂದು ಮನೆ, ಹಲವು ಸಂಸಾರ

ಪ್ರಶ್ನೆ: ಬರ್ಲಿನ್ ಕಡೆ ಹೋದ್ರೆ ಒಂದೇ ಮನೇಲಿ ಜರ್ಮನಿಯ ನೂರು ವರ್ಷದ ಹಿಸ್ಟರಿ ನೋಡೋಕಾಗುತ್ತಾ ಸಾರ್?

ಉತ್ತರ: ಆಗುತ್ತೆ, ಗ್ರೋಸ್ ಗ್ಲೀನಿಕೆ ಅನ್ನೋ ಊರಲ್ಲಿ ಕೆರೆ ದಂಡೇಲಿ ಒಂದು ಮರದ ಮನೆ ಇದೆ, 1927ರಲ್ಲಿ ಯಹೂದಿ ಡಾಕ್ಟರ್ ಆಲ್‌ಫ್ರೆಡ್ ಅಲೆಕ್ಸಾಂಡರ್ ಕಟ್ಟಿಸಿದ್ದು, ರಜೆಗೆ ಬಂದು ಇರೋಕೆ ಅಂತ ಅಷ್ಟೇ. ನಾಜಿಗಳ ಕಾಟಕ್ಕೆ 1936ರಲ್ಲಿ ಅವ್ರು ಲಂಡನ್ ಸೇರ್ಕೊಂಡ್ರು. ಆಮೇಲೆ ಬಂದೋರು ಮ್ಯೂಸಿಕ್ ಪಬ್ಲಿಷರ್ ವಿಲ್ ಮೈಸೆಲ್. ಯುದ್ಧ ಮುಗಿದ್ಮೇಲೆ ಊರು ಪೂರ್ವ ಜರ್ಮನಿ ಪಾಲಾಯ್ತು, ಬೇರೆ ಸಂಸಾರಗಳು ಬಂದ್ವು, ಮತ್ತೆ ನೋಡಿ 1961ರಲ್ಲಿ ಎದ್ದ ಬರ್ಲಿನ್ ಗೋಡೆ ಮನೆಗೂ ಕೆರೆಗೂ ನಡುವೇನೇ ಬಂತು, ದಂಡೇಲಿದ್ದೂ ನೀರಿಗೆ ಕಾಲಿಡೋ ಹಾಗಿಲ್ಲ, ಎಂಥಾ ಕರ್ಮ! ಗೋಡೆ ಬಿದ್ದು ಕೆಲವು ವರ್ಷಕ್ಕೆ ಮನೆ ಪಾಳುಬಿತ್ತು, ಕೆಡವೋದ್ರಲ್ಲಿದ್ರು, ಡಾಕ್ಟರ ಮರಿಮಗ ಊರೋರ ಜೊತೆ ಸೇರಿ ಓಡಾಡಿದ್ಮೇಲೆ 2014ರಲ್ಲಿ ಸಂರಕ್ಷಿತ ಸ್ಮಾರಕ ಆಯ್ತು.